ಚೊಗರು ಬಳಿದ ಹಾವು, ಬಂಗಾರಮ್ಮನ ಬಿಳಿ ಕೈ

ಬೆಳಗಿನ ಆರು ಗಂಟೆ. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪಕ್ಕೆ ಸ್ವಲ್ಪ ಮೊದಲು, ಹಳೆಯ ಸಸಿತೋಟವೊಂದರ ಮೂಲೆಯಲ್ಲಿ ತಗಡಿನ ಶೆಡ್ಡು. ಒಳಗೆ ಸಿಮೆಂಟಿನ ಒಂಬತ್ತು ತೊಟ್ಟಿಗಳು, ತೊಟ್ಟಿ ತುಂಬ ಜರಡಿ ಹಿಡಿದ ಮಣ್ಣು. ಬೇರೇನೂ ಕಾಣುವುದಿಲ್ಲ. ಬಂಗಾರಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಾರೆ. ದೀಪ ಹಾಕುವುದಿಲ್ಲ. ಏಳನೆಯ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಡಗೈಯನ್ನು ಮೊಣಕೈವರೆಗೆ ಮಣ್ಣಿಗಿಳಿಸಿ ಕಾಯುತ್ತಾರೆ. ದೂರದಲ್ಲಿ ತ್ಯಾವರೆಕೊಪ್ಪ ಸಫಾರಿಯ ಸಿಂಹ ಒಮ್ಮೆ ಗರ್ಜಿಸುತ್ತದೆ. ಒಂಬತ್ತೂ ತೊಟ್ಟಿಗಳ ಮಣ್ಣು ಒಟ್ಟಿಗೆ ಅಲುಗಿ, ಒಟ್ಟಿಗೆ ನಿಲ್ಲುತ್ತದೆ.

"ಬಂತು" ಎನ್ನುತ್ತಾರೆ ಮೆಲ್ಲಗೆ. ಮೇಲೆತ್ತಿದ ಮಣಿಕಟ್ಟಿಗೆ ದಪ್ಪನೆಯ ಹಾವೊಂದು ಎರಡು ಸುತ್ತು ಹಾಕಿಕೊಂಡಿದೆ. ಎರಡೂ ತುದಿ ಮೊಂಡು. ಯಾವ ತುದಿ ನಮ್ಮನ್ನು ನೋಡುತ್ತಿದೆ ಎಂದು ತಿಳಿಯದು. ಮೈಮೇಲೆ ಅಲ್ಲಲ್ಲಿ ಸುಟ್ಟ ದೋಸೆಯಂಥ ಕಪ್ಪು ಮಚ್ಚೆಗಳು. ಬಂಗಾರಮ್ಮನ ಕೈ ಮಾತ್ರ ಬೆರಳ ತುದಿಯಿಂದ ಮೊಣಕೈವರೆಗೆ ಬೆಳ್ಳಗಿದೆ, ಅದು ತೊನ್ನು. ಮಬ್ಬು ಬೆಳಕಿನಲ್ಲಿ ಆ ಕೈ ಆಕೆಯದಲ್ಲವೇನೋ ಅನ್ನಿಸುತ್ತದೆ.

ಇದು ಮಣ್ಣುಮುಕ್ಕ. ಪೇಟೆಯವರು ಎರಡು ತಲೆ ಹಾವು ಎನ್ನುತ್ತಾರೆ. ವಿಷವಿಲ್ಲ. ಮನೆಯಲ್ಲಿ ಸಾಕಿದರೆ ಐಶ್ವರ್ಯ ಬರುತ್ತದೆಂಬ ನಂಬಿಕೆ ಮಾತ್ರ ಇದೆ. ಆ ನಂಬಿಕೆಯಿಂದ ಈ ಎರಡು ವರ್ಷಗಳಲ್ಲಿ, ೨೦೦೫ರಿಂದೀಚೆಗೆ, ಶಿವಮೊಗ್ಗ–ಭದ್ರಾವತಿಯ ಮನೆಗಳಲ್ಲಿ ಅಕ್ಕಿ ಡಬ್ಬದಲ್ಲಿ, ಟ್ರಂಕಿನಲ್ಲಿ, ಬಚ್ಚಲ ಹಂಡೆಯಲ್ಲಿ ಬಚ್ಚಿಟ್ಟಿದ್ದು ಅರಣ್ಯ ಇಲಾಖೆಗೆ ಸಿಕ್ಕ ಹಾವುಗಳೇ ಇಲ್ಲಿರುವ ಒಂಬತ್ತು. ಕಾಯಿಲೆ ಗುಣವಾದದ್ದನ್ನು ಕಾಡಿಗೆ ಬಿಡಬೇಕೆಂದು ಇಲಾಖೆಯ ಅಪ್ಪಣೆಯಾಗಿದೆ. ಗುಣಪಡಿಸುವ ಕೆಲಸ ದಿನಗೂಲಿಯ ಬಂಗಾರಮ್ಮನದು.

ಏಳನೆಯದು ಭದ್ರಾವತಿಯ ಒಂದು ಮನೆಯಲ್ಲಿ ಒಂದು ವರ್ಷ ಸ್ಟೀಲ್ ಡ್ರಮ್ಮಿನೊಳಗಿತ್ತು. ಇಲ್ಲಿಗೆ ಬಂದಾಗ ಪಾಲಿಶ್ ಹಾಕಿದ ಕುರ್ಚಿಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಎಂಟೇ ದಿನದಲ್ಲಿ ಆ ಕೆಂಪು ಅಲ್ಲಲ್ಲಿ ಕಪ್ಪಾಯಿತು. ಇಲಿ ಮುಟ್ಟುವುದನ್ನು ಬಿಟ್ಟಿತು. "ನಾನು ಫಂಗಸ್ ಅಂತ ತಿಳಿದು ಮುಲಾಮು ಬರೆದುಕೊಟ್ಟೆ" ಎನ್ನುತ್ತಾರೆ ವಾರಕ್ಕೊಮ್ಮೆ ಬಂದು ಹೋಗುವ ಪಶುವೈದ್ಯ ವಸಂತ್. "ಈಯಮ್ಮ ಹಾವನ್ನ ಮೂಗಿನ ಹತ್ರ ಹಿಡಿದು, 'ಡಾಕ್ಟ್ರೇ, ಇದು ರೋಗ ಅಲ್ಲ, ಚೊಗರು' ಅಂದ್ರು."

ಅಡಿಕೆ ಬೇಯಿಸಿದ ಕೆಂಪು ನೀರನ್ನು ಬತ್ತಿಸಿದರೆ ಚೊಗರು. ಬೆಂದ ಅಡಿಕೆಗೆ ಬಣ್ಣ ಬರಲೆಂದು ಅದರಲ್ಲಿ ಅದ್ದಿ ಒಣಗಿಸುತ್ತಾರೆ. ಬಂಗಾರಮ್ಮ ಅಡಿಕೆ ಬೇಯಿಸುವ ಹಂಡೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತವರು. "ಈ ವಾಸ್ನೆ ನಂಗೆ ಗೊತ್ತಾಗಲ್ವಾ? ಪೊರೆ ಬಿಡೋ ಮುಂಚೆ ಹಾವು ಮಂಕಾಗುತ್ತೆ, ಕಣ್ಣು ನೀಲಿ ಆಗುತ್ತೆ. ಆ ಮನೆಯೋರು ಅದೃಷ್ಟಾನೇ ಮಂಕಾಯ್ತು ಅಂದ್ಕೊಂಡಿದಾರೆ. ಅಡಿಕೆ ಅದ್ದಿದ ಹಾಗೆ ಅದ್ದಿ ತೆಗ್ದಿದಾರೆ ಮಾರಾಯ್ರೆ."

ಹಾಗೆ ಅದ್ದಿದ್ದರಿಂದ, ಬಿಡಬೇಕಿದ್ದ ಪೊರೆ ಬಿಡದೆ ಮೈಗೇ ಬಿಗಿದುಕೊಂಡಿತು. ಬಾಲದ ತುದಿಯಲ್ಲಿ ಅದು ದಾರ ಕಟ್ಟಿದ ಹಾಗೆ ಕಚ್ಚಿ ಹಿಡಿದಿದೆ. ಈ ಸಲವೂ ಕಳಚದಿದ್ದರೆ ಅಲ್ಲಿ ರಕ್ತ ನಿಂತು ಕೊಳೆಯುತ್ತದೆ, ಆಮೇಲೆ ಹಾವು ಉಳಿಯುವುದಿಲ್ಲ ಎಂದು ವಸಂತ್ ಹೇಳಿ ಹೋಗಿದ್ದಾರೆ. ಕಿತ್ತು ತೆಗೆಯುವಂತಿಲ್ಲ, ಕೆಳಗಿನ ಎಳೆಯ ಚರ್ಮವೂ ಬಂದುಬಿಡುತ್ತದೆ.

ಆದ್ದರಿಂದ ದಿನವೂ ಒಂದೇ ಕೆಲಸ. ಮೂರು ಕಲ್ಲಿನ ಒಲೆಯ ಮೇಲೆ ನೀರು ಕಾಯುತ್ತದೆ. "ಮಗೀಗೆ ಎರೆಯೋ ಬಿಸಿಗಿಂತ್ಲೂ ಕಮ್ಮಿ ಇರ್ಬೇಕು." ಅದರಲ್ಲಿ ಹಾವನ್ನು ಅರ್ಧ ಗಂಟೆ ಬಿಟ್ಟು, ನೆನೆಸಿದ ಗೋಣಿಚೀಲದೊಳಗೆ ಒಂದು ಕಡೆಯಿಂದ ಹೊಗಿಸಿ ಇನ್ನೊಂದು ಕಡೆಯಿಂದ ಹೊರಗೆ ಬರಿಸುತ್ತಾರೆ. ಮತ್ತೆ, ಮತ್ತೆ. ಇವತ್ತಿಗೆ ಹದಿನೆಂಟು ದಿನ. ನಡುವೆ ಉಳಿದ ಎಂಟು ಹಾವುಗಳಿಗೆ ನೀರಿಡಬೇಕು, ತೊಟ್ಟಿಗಳ ಮಣ್ಣು ಆಡಿಸಬೇಕು. ಸೋಮವಾರ ಎಲ್ಲವನ್ನೂ ತೂಗಬೇಕು. ಏಳನೆಯದು ಬಂದಾಗ ಒಂಬೈನೂರು ಗ್ರಾಂ ಇತ್ತು, ಈಗ ಏಳುನೂರ ನಲವತ್ತು.

ಕೈ ಬೆಳ್ಳಗಾದದ್ದು ಹೇಗೆ ಎಂದು ಕೇಳಿದರೆ ಬಂಗಾರಮ್ಮ ನಗುತ್ತಾರೆ. ಮಣ್ಣುಮುಕ್ಕ ನೆಕ್ಕಿದರೆ ತೊನ್ನು ಬರುತ್ತದೆಂದು ಹೊಸಮನೆ ಬಡಾವಣೆಯ ಆಕೆಯ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನಿಜದಲ್ಲಿ ಕೈ ಬೆಳ್ಳಗಾಗಿದ್ದು ಹಾವಿನ ಕೆಲಸಕ್ಕೆ ಬರುವ ಮೂರು ವರ್ಷ ಮೊದಲೇ. ಅದು ಅಂಟುರೋಗವಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತೋಟದ ಅಡಿಕೆ ಗುತ್ತಿಗೆ ಹಿಡಿದು ಆಕೆಗೆ ಕೆಲಸ ಕೊಡುತ್ತಿದ್ದ ಚೇಣಿದಾರರು ಕೇಳಲಿಲ್ಲ. "ಅಡಿಕೆ ಮುಟ್ಬೇಡ ಅಂದ್ರು ಅವ್ರು. ಹಾವು ಮುಟ್ಟು ಅಂದ್ರು ಇವ್ರು. ಮುಟ್ಟಿದೆ." ಮೊದಲ ಬಸ್ಸಿನಲ್ಲಿ ಆಕೆಯ ಪಕ್ಕದ ಸೀಟು ಖಾಲಿಯೇ ಇರುತ್ತದೆ. ಕಂಡಕ್ಟರ್ ಉಜ್ಜನಪ್ಪ ಚೀಟಿ ಹರಿದು ದೂರದಿಂದ ಚಾಚುತ್ತ, "ಚೀಲದಲ್ಲಿ ಏನೂ ಇಲ್ವಲ್ಲ ಬಂಗಾರಮ್ಮ?" ಎನ್ನುತ್ತಾರೆ. "ಐತೆ, ತೆಗೀಲಾ?" ಎಂದು ಈಕೆ ಚೀಲದ ಬಾಯಿಗೆ ಕೈ ಹಾಕುತ್ತಾರೆ. ಇರುವುದು ರೊಟ್ಟಿ.

ಶೆಡ್ಡಿನ ಕಾವಲುಗಾರ ಕಾಂತರಾಜ್ ಹಗಲಿನಲ್ಲೂ ಬಾಗಿಲು ದಾಟುವುದಿಲ್ಲ. "ಕಚ್ಚುತ್ತೆ ಅಂತ ಭಯ ಅಲ್ಲ ಸಾರ್. ನಾನು ಬಲಗೈ ಹಾಕ್ದೆ, ಎಡಗೈ ಹಾಕ್ದೆ, ಮಣ್ಣು ಮಿಸುಕಲಿಲ್ಲ. ಈಯಮ್ಮನ ಬಲಗೈಗೂ ಬರಲ್ಲ. ಆ ಬಿಳಿ ಕೈಗೆ ಮಾತ್ರ ಬರುತ್ತೆ. ಮಣ್ಣೊಳಗೆ ಕತ್ತಲೆ, ಅದಕ್ಕೆ ಬಣ್ಣ ಹೆಂಗೆ ಗೊತ್ತಾಗುತ್ತೆ?"

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಏಳನೆಯ ತೊಟ್ಟಿಯಲ್ಲಿ ಕೈ ಇಳಿಸಿದರೆ ಬೆರಳಿಗೆ ಮೊದಲು ಸಿಕ್ಕಿದ್ದು ಹಾವಲ್ಲ, ಒದ್ದೆ ಕಾಗದದಂಥ ಏನೋ. ಮೂತಿಯ ಹತ್ತಿರ ಪೊರೆ ಬಿಟ್ಟಿದೆ. ಬಂಗಾರಮ್ಮ ಹಾವನ್ನು ಗೋಣಿಚೀಲಕ್ಕೆ ಬಿಡುತ್ತಾರೆ. ಒಂದು ಸಲ, ಎರಡು ಸಲ. ಮೂರನೆಯ ಸಲ ಚೀಲ ಒಳಗಿನಿಂದಲೇ ಹಿಂಡಿದ ಹಾಗೆ ಮುದುಡುತ್ತದೆ. ಆಚೆ ಕಡೆಯಿಂದ ಹೊರಬಂದದ್ದು ಮಣ್ಣಿನದೇ ಬಣ್ಣದ, ಒಂದು ಮಚ್ಚೆಯೂ ಇಲ್ಲದ ಹಾವು. ಬಾಲದ ತುದಿ ಸ್ವಲ್ಪ ಕುಗ್ಗಿದೆ, ಆದರೆ ಒತ್ತಿದರೆ ಸರಕ್ಕನೆ ಎಳೆದುಕೊಳ್ಳುತ್ತದೆ. ಬಂಗಾರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಪೊರೆಯನ್ನು ತಂತಿಯ ಮೇಲೆ ಹರವಿದಾಗ ಬಿಸಿಲು ಅದರ ಮೂಲಕ ಹಾಯುತ್ತದೆ. ಕೆಂಪು ಕಪ್ಪಿನ ಆ ಹಾಳೆಯ ನಡುವೆ ನಾಲ್ಕು ಬಿಳಿ ಗುರುತು, ಎದುರಿಗೆ ಇನ್ನೊಂದು. ಚೊಗರಿನಲ್ಲಿ ಅದ್ದುವಾಗ ಹಾವನ್ನು ಹಿಡಿದಿದ್ದ ಕೈ ಅದು. ಬೆರಳಿದ್ದ ಕಡೆ ಬಣ್ಣ ಹತ್ತಿಲ್ಲ. ಸಣ್ಣ ಕೈ, ಹೆಂಗಸಿನದು. ಬಂಗಾರಮ್ಮ ತಮ್ಮ ಎಡಗೈಯನ್ನು ಅದರ ಮೇಲಿಟ್ಟು ನೋಡುತ್ತಾರೆ. ಐದೂ ಬೆರಳು ಸರಿಯಾಗಿ ಕೂರುತ್ತವೆ. ಬಿಳಿಯ ಮೇಲೆ ಬಿಳಿ. ಬಾಗಿಲಲ್ಲಿ ನಿಂತಿದ್ದ ಕಾಂತರಾಜ್ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ನಂದಲ್ಲಪ್ಪ, ಹೆದರ್ಬೇಡ" ಎನ್ನುತ್ತಾರೆ ಬಂಗಾರಮ್ಮ. "ನಮ್ಮಂಥೋಳೇ ಯಾರೋ. ಹಂಡೆ ಮುಂದೆ ಸವೆದ ಕೈ ಎಲ್ಲಾ ಒಂದೇ ಅಳತೆ. ಹಿಡ್ಕೋ ಅಂದ್ರು, ಹಿಡ್ಕೊಂಡ್ಳು. ನಂಗೆ ಅಂದಿದ್ರೆ ನಾನೂ ಹಿಡ್ಕೋತಿದ್ದೆ."

ಮುಂದಿನ ವಾರದ ಹೊತ್ತಿಗೆ ಹಾವು ಇಲಿ ತಿಂದಿದೆ. ತೂಕ ಏರುತ್ತಿದೆ. ತಿಂಗಳ ಕೊನೆಗೆ ಅದನ್ನು ಕಾಡಿಗೆ ಒಯ್ಯಲು ಜೀಪು ಬರಲಿದೆ. ಇದುವರೆಗೆ ಯಾವ ಹಾವನ್ನು ಬಿಡುವಾಗಲೂ ಬಂಗಾರಮ್ಮನನ್ನು ಯಾರೂ ಕರೆದದ್ದಿಲ್ಲ. ಈ ಸಲ ಆಕೆಯೇ ಕೇಳಿದ್ದಾರೆ.

"ಜೀಪಿನ ಹಿಂದೆ ಒಂಚೂರು ಜಾಗ ಸಾಕು. ಈ ಕೈಯಿಂದಾನೇ ಇಳೀಲಿ ಅದು" ಎನ್ನುತ್ತ ಬಿಳಿ ಕೈಯನ್ನು ಮತ್ತೆ ಮಣ್ಣಿಗೆ ಇಳಿಸುತ್ತಾರೆ. "ಹಿಡಿದ ಕೈನ ಗುರುತು ಅದರ ಮೈಮೇಲೆ ಅಷ್ಟು ದಿನ ಇತ್ತಲ್ಲ. ಬಿಟ್ಟ ಕೈಯೂ ಒಂದಿತ್ತು ಅಂತ ಅದಕ್ಕೆ ಗೊತ್ತಾಗ್ಲಿ."