ಗುರುತಿಲ್ಲದ ಒಂದು ಸಾಲು

ಅಪ್ಪ ತೀರಿಕೊಂಡ ದಿನ ಮಳೆ ಬರುತ್ತಿತ್ತು ಎಂದು ಬರೆಯಹೊರಟೆ. ಅದು ಬೇರೆ ವರ್ಷದ ಮಳೆಯೂ ಇರಬಹುದು. ತೊಂಬತ್ತೋ ತೊಂಬತ್ತೊಂದೋ ಎಂಬುದೂ ಈಗ ಅನುಮಾನ. ನಾನು ಅಂಧೇರಿಯ ಆಫೀಸಿನಲ್ಲಿದ್ದೆ ಎನ್ನುವುದು ಮಾತ್ರ ಖಚಿತ.

ನಮ್ಮ ಕಂಪನಿಗೆ ಫೋರ್ಟ್, ಠಾಣೆ, ಅಂಧೇರಿಗಳಲ್ಲಿ ಒಂದೊಂದು ಸರ್ವರ್ ಇತ್ತು. ಪ್ರತಿಯೊಂದೂ ತಾನು ಮಾಡಿದ ಕೆಲಸವನ್ನು, ತನಗಾದ ತೊಂದರೆಯನ್ನು ಸಾಲುಸಾಲಾಗಿ ಬರೆದಿಡುತ್ತಿತ್ತು. ಅದನ್ನು ಲಾಗ್ ಎನ್ನುತ್ತಿದ್ದೆವು. ಮೂರರ ಲಾಗನ್ನೂ ಫೋನ್ ಲೈನಿನಲ್ಲಿ ಫೋರ್ಟಿಗೆ ತರಿಸಿ ಒಂದೇ ಫೈಲಿಗೆ ಸೇರಿಸುವುದು ನನ್ನ ಕೆಲಸ. ಸೇರಿದ ಮೇಲೆ ಯಾವ ಸಾಲು ಎಲ್ಲಿಯದೆಂದು ತಿಳಿಯುತ್ತಿರಲಿಲ್ಲ. ಡಿಸ್ಕ್ ತುಂಬಿದೆ ಎಂಬ ಸಾಲು ಕಂಡು, ಧಾರವಾಡದ ಕಡೆಯ ಸಹೋದ್ಯೋಗಿಯನ್ನು ಠಾಣೆಗೆ ಓಡಿಸಿದೆ. ತುಂಬಿದ್ದು ಅಂಧೇರಿಯದು.

"ಅಲ್ರೀ ಮೇಡಂ, ಹೊಟ್ಟಿ ಯಾರದು ತುಂಬೇತಿ ಅಂತ ನೋಡ್ದನ ನನ್ನ ಓಡಿಸಿದ್ರಲ್ಲ! ಠಾಣಾದಾಗ ಚಾ ಕುಡದು ಬಂದೆ, ಅಷ್ಟ."

ಆಮೇಲೆ ಪ್ರತಿ ಸಾಲಿನ ತಲೆಯಲ್ಲೂ ಅದು ಹೊರಟ ಜಾಗದ ಹೆಸರು ಬರುವಂತೆ ಮಾಡತೊಡಗಿದೆ. ಅವತ್ತು ಉಳಿದಿದ್ದು ಅಂಧೇರಿಯದೊಂದೇ. ಆ ಕೋಣೆಗಿದ್ದ ಒಂದೇ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಕಳಿಸಿ, ತಪ್ಪಿದರೆ ತಿದ್ದಿ, ಮತ್ತೆ ಕಳಿಸಿ, ಮಧ್ಯಾಹ್ನದವರೆಗೂ ಕೂತಿದ್ದೆ. ಕೆಲಸ ಮುಗಿದಾಗ ತುಂಬ ಖುಷಿಯಾಗಿತ್ತು. ವೈರನ್ನು ಮೋಡೆಮ್‌ನಿಂದ ಕಿತ್ತು ಫೋನಿಗೆ ಸಿಕ್ಕಿಸಿದ್ದೇ ಅದು ಬಡಿದುಕೊಂಡಿತು. ತಮ್ಮ.

"ಎಷ್ಟೊತ್ತಿಂದ ಮಾಡ್ತಿದೀನಿ ಅಕ್ಕ, ಬರೀ ಎಂಗೇಜ್. ಬೇಗ ಬಾ."

"ಅಪ್ಪ ಹೇಗಿದಾರೋ?"

"ಬಾ ಅಂದ್ನಲ್ಲ."

ಲೋಕಲ್ ರೈಲು ಹಿಡಿದು ಮಾಟುಂಗದ ಮನೆ ಸೇರುವಾಗ ಅಪ್ಪನನ್ನು ಹಾಲ್‌ನಲ್ಲಿ ಮಲಗಿಸಿದ್ದರು.

ಅಪ್ಪ ಹೋಗುವ ಹೊತ್ತಿಗೆ ಮನೆಯಲ್ಲಿದ್ದವರು ಅಮ್ಮ, ತಮ್ಮ, ಚಿಕ್ಕಮ್ಮ. ಬಂದವರಿಗೆಲ್ಲ ಅವರು ಮತ್ತೆ ಮತ್ತೆ ಹೇಳಿದ್ದನ್ನು ನಾನು ಪಕ್ಕದಲ್ಲಿ ಕೂತು ಕೇಳಿದೆ. ಅಪ್ಪ ಗಂಜಿ ಬೇಡ ಅಂದರು. ಫ್ಯಾನ್ ಜೋರು ಮಾಡಿಸಿದರು. ಎದೆ ಉಜ್ಜಿಕೊಂಡರು. ಇವುಗಳ ನಡುವೆ ಒಂದು ಮಾತು ನನ್ನೊಳಗೆ ಉಳಿದಿದೆ: "ಮಗಳು ಬಂದ್ಲಾ?" ಅದು ಅಪ್ಪನ ದನಿಯಲ್ಲೇ ಕೇಳಿಸುತ್ತದೆ. ಆದರೆ ನಾನು ಅಲ್ಲಿರಲಿಲ್ಲ. ಹಾಗಾದರೆ ಅದನ್ನು ನನಗೆ ಹೇಳಿದ್ದು ಯಾರು?

ತಾನು ನೀರು ಕಾಯಿಸುತ್ತಿದ್ದೆ, ಏನೂ ಕೇಳಿಸಲಿಲ್ಲ ಎಂದರು ಅಮ್ಮ. ತಮ್ಮ ಕೆಳಗಿನ ಮನೆಯಲ್ಲಿ ನನಗೇ ಫೋನ್ ಮಾಡುತ್ತಿದ್ದ. ಅಪ್ಪನ ಪಕ್ಕದಲ್ಲಿದ್ದವರು ಚಿಕ್ಕಮ್ಮ ಒಬ್ಬರೇ. ಅವರೂ ಹೇಳಿರದಿದ್ದರೆ ಅದು ನಾನೇ ಕಟ್ಟಿಕೊಂಡ ಮಾತು. ಅಪ್ಪ ಕೇಳಿದರು, ನಾನು ಸಿಗಲಿಲ್ಲ. ಅಥವಾ ಅಪ್ಪ ಕೇಳಲೇ ಇಲ್ಲ. ಯಾವುದನ್ನು ತಡೆದುಕೊಳ್ಳಬಲ್ಲೆನೋ ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಧೈರ್ಯ ಮಾಡಿದೆ. ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮಾತಿಗೆ ಅವರ ಕೈ ನಿಂತಿತು. ನನ್ನನ್ನೊಮ್ಮೆ ನೋಡಿ, ಮತ್ತೆ ಸುಲಿಯತೊಡಗಿದರು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅಪ್ಪ ನನ್ನನ್ನ ಕೇಳಿದ್ರು ಅಂತ ಅವತ್ತು ನೀವೇ ಹೇಳಿದ್ದಲ್ವಾ?"