ಚೊಕ್ಕ ಬರೆದ ಲೆಕ್ಕ

ಖಾನಾಪುರದ ನಮ್ಮ ಶಾಲೆಯ ಗಣಿತದ ಅಕ್ಕೋರು ಯಾರ ನೋಟ್‌ಬುಕ್ ಹಿಡಿದರೂ ಮೊದಲು ಮಡಚಿದ ಮೂಲೆಗಳನ್ನು ಹೆಬ್ಬೆರಳಿನಿಂದ ತೀಡುತ್ತಿದ್ದರು. "ಚೊಕ್ಕ ಬರೀಬೇಕವಾ" ಎನ್ನುತ್ತಿದ್ದರು.

ಏಳನೇ ತರಗತಿಯಲ್ಲಿ ನಾನು ಯಾರೂ ಕಲಿಸದ ದಾರಿಯಲ್ಲಿ ಲೆಕ್ಕ ಬಿಡಿಸುತ್ತಿದ್ದೆ. ಅದನ್ನು ಕಂಡವರು ಅವರೊಬ್ಬರೇ. ಬೆಳಗಾವಿಯ ದೊಡ್ಡ ಶಾಲೆಯಲ್ಲಿ ನನಗೊಂದು ಸೀಟು ಕೇಳಬೇಕೆಂದು ಹಟ ಹಿಡಿದರು. ಕಾಟು ಹೊಡೆದು ಗೀಚಿದ ನನ್ನ ನೋಟ್‌ಬುಕ್ ತೋರಿಸಲು ಅವರಿಗೆ ನಾಚಿಕೆ. ಎಲ್ಲ ಲೆಕ್ಕಗಳನ್ನೂ ಹೊಸದರಲ್ಲಿ, ತಾವು ಹೇಳಿದ ಕ್ರಮದಲ್ಲಿ, ನನ್ನಿಂದ ಚೊಕ್ಕವಾಗಿ ಬರೆಸಿದರು.

ರೈಲಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದರು.

ಟಿಳಕವಾಡಿಯ ಆ ಶಾಲೆಯ ಮುಖ್ಯಾಧ್ಯಾಪಕರು ಪುಟ ತಿರುವಿದರು. "ಭಾಳ ಚೊಲೋ ಕಲಿಸೀರಿ ಅಕ್ಕೋರ. ಆದ್ರ ಇದರಾಗ ಹುಡುಗಿದು ಏನೈತ್ರಿ?"

"ಒಂದು ಲೆಕ್ಕ ಕೊಟ್ಟು ನೋಡ್ರಿ ಸರ್" ಎಂದರು ಅಕ್ಕೋರು.

ಮುಖ್ಯಾಧ್ಯಾಪಕರು ಆಗಲೇ ನೋಟ್‌ಬುಕ್ ಮುಚ್ಚಿ ಈಚೆ ಸರಿಸಿದ್ದರು.

ಮರಳುವಾಗ ರೈಲು ದೇಸೂರ ಸ್ಟೇಷನ್ ದಾಟಿದ ಮೇಲೆ ಅಕ್ಕೋರು ಕೇಳಿದರು, "ಹಳೇದು ಎಲ್ಲೈತವಾ?"

"ಅವ್ವ ಒಲಿಗೆ ಹಾಕಿದ್ಳ್ರಿ."

ಆಮೇಲೆ ವರ್ಗದಲ್ಲಿ ಯಾರಾದರೂ ರಬ್ಬರ್ ಎತ್ತಿದರೆ ಅಕ್ಕೋರು ಅವರ ಕೈ ಹಿಡಿಯುತ್ತಿದ್ದರು. "ಇರಲಿ ಬಿಡು, ಕಾಣಲಿ" ಎನ್ನುತ್ತಿದ್ದರು. ನನ್ನ ಬಳಿಯೂ ಬಂದು ಬಾಗಿ ನೋಡುತ್ತಿದ್ದರು. ನಾನು ಅಷ್ಟರಲ್ಲಿ ಅವರು ಕಲಿಸಿದಂತೆಯೇ ಬಿಡಿಸಲು ಕಲಿತಿದ್ದೆ. ಪುಟ ಚೊಕ್ಕವಾಗಿರುತ್ತಿತ್ತು.