ಪತ್ರಿಕೆಯಲ್ಲಿ ಬಾರದ ಬೆಲೆ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಕಾಲೇಜಿನಲ್ಲಿ ನಾವು ಸುಳ್ಳು ದುಡ್ಡಿನ ಷೇರು ಪಂದ್ಯ ಆಡುತ್ತಿದ್ದೆವು. ಪತ್ರಿಕೆಯಲ್ಲಿ ಅಚ್ಚಾದ ಬೆಲೆಗೇ ಮಾರಬೇಕು. ಮಾರದೆ ಉಳಿದದ್ದು ಸೊನ್ನೆ. ಹಿಂದಿನ ವರ್ಷ ಗೆದ್ದವನು ಹಿರಿಯೂರಿನ ಕೊಬ್ಬರಿ ಮಂಡಿಯವರ ಮಗ. "ಲೇ, ನಿಮ್ಮಪ್ಪ ಹೊರೋದು ನಮ್ಮ ಮೂಟೆ. ನಿಂಗ್ಯಾಕಪ್ಪ ಷೇರು?" ಎಂದು ತರಗತಿಯೆದುರು ನನ್ನನ್ನು ಕೇಳಿದ್ದ.

ಈ ಸಲ ನಾಲ್ಕಾಣೆಯ ಷೇರುಗಳನ್ನೂ ಏರಿಳಿತಕ್ಕೆ ಬಾಜಿ ಕಟ್ಟುವ ತೇಜಿ-ಮಂದಿಯನ್ನೂ ಸೇರಿಸೋಣವೆಂದು ನಾನೇ ಸೂಚಿಸಿದೆ. ತೇಜಿ-ಮಂದಿ ಅವನ ಮನೆಯ ವಿದ್ಯೆ. ಅದರಲ್ಲಿ ಗೆದ್ದದ್ದನ್ನೆಲ್ಲ, ಪತ್ರಿಕೆಯಲ್ಲಿ ಒಂದು ದಿನ ನಾಲ್ಕಾಣೆಗೆ ಕಂಡ, ಮುಚ್ಚಿದ ಗಿರಣಿಯೊಂದರ ಷೇರಿಗೆ ಸುರಿದ. ಅಂಥ ಷೇರಿನ ಬೆಲೆ ಪತ್ರಿಕೆಯಲ್ಲಿ ಬರುವುದೇ ಅಪರೂಪವೆಂದು ಹಳೆಯ ಸಂಚಿಕೆಗಳನ್ನು ತಿರುವಿ ನಾನು ಮೊದಲೇ ತಿಳಿದಿದ್ದೆ.

"ಇವತ್ತಾದ್ರೂ ಐತೇನ್ರಿ?" ಎಂದು, ದಿನವೂ ಪತ್ರಿಕೆಯ ಬೆಲೆಪಟ್ಟಿ ಓದುತ್ತಿದ್ದ ನನ್ನನ್ನು ಕೊನೆಯ ದಿನದವರೆಗೂ ಕೇಳಿದ. ಇಲ್ಲವೆಂದು ಗೊತ್ತಿದ್ದೂ ನಾನು ಇಡೀ ಪಟ್ಟಿಯನ್ನು ತರಗತಿಗೆ ಕೇಳುವಂತೆ ನಿಧಾನವಾಗಿ ಓದಿದೆ.